ಐವತ್ತಾದ ಮೇಲೆ ಲೇವಿಯರು ಏನು ಮಾಡುತ್ತಿದ್ದರು?

ಮಾನ್ಯ ಸಂಪಾದಕರೇ,

ನಿವೃತ್ತಿ ನಂತರದ ಬದುಕಿನ ಬಗ್ಗೆ ಪತ್ರಿಕೆಗಳಲ್ಲಿ ಬರಹ ಬಂದಾಗಲೆಲ್ಲ ದುಡ್ಡು, ಆರೋಗ್ಯ, ಹವ್ಯಾಸ, ಇಷ್ಟೇ ಮಾತು. ದೇವರ ಸೇವೆ ಅಂತ ಹಿಡಿದ ಒಂದು ಕೆಲಸವನ್ನು ಅರ್ಧದಲ್ಲಿ ಬಿಡಬೇಕಾಗಿ ಬಂದರೆ ಒಳಗೆ ಏನಾಗುತ್ತದೆ ಅಂತ ಯಾರೂ ಬರೆದದ್ದು ನಾನು ನೋಡಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಉದ್ದ ಆದರೆ ಕತ್ತರಿ ಹೇಗೂ ನಿಮ್ಮ ಕೈಯಲ್ಲೇ ಇದೆ.

ನನಗೀಗ 53. ನಮ್ಮ ಚರ್ಚಿನ ಸಭೆಯಲ್ಲಿ 21 ವರ್ಷ ಸಂಡೆ ಸ್ಕೂಲ್, ಅಂದರೆ ಭಾನುವಾರ ಮಕ್ಕಳಿಗೆ ಬೈಬಲ್ ಕಲಿಸುವ ತರಗತಿ, ನೋಡಿಕೊಂಡೆ. ಎರಡು ವರ್ಷದ ಹಿಂದೆ ಅಮ್ಮ ಹಾಸಿಗೆ ಹಿಡಿದರು. ರಾತ್ರಿ ಎರಡೆರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಅಂಥ ಒಂದು ರಾತ್ರಿ ಕಳೆದು ಭಾನುವಾರ ಬೆಳಿಗ್ಗೆ ಮಕ್ಕಳಿಗೆ, ಕುರುಬ ಹುಡುಗ ದಾವೀದ ದೈತ್ಯ ಗೊಲ್ಯಾತನನ್ನು ಸೋಲಿಸಿದ ಕಥೆ ಹೇಳುತ್ತಿದ್ದೆ. ದಾವೀದ ಚೀಲಕ್ಕೆ ಕೈ ಹಾಕಿದ ಅಂದವಳು ಅಲ್ಲೇ ನಿಂತುಬಿಟ್ಟೆ. ಎಷ್ಟು ಯೋಚಿಸಿದರೂ ಮುಂದೇನು ಅಂತ ಹೊಳೆಯುತ್ತಿಲ್ಲ. ಕೊನೆಗೆ ಆರು ವರ್ಷದ ಒಬ್ಬ ಹುಡುಗ ಮೆಲ್ಲಗೆ, "ಆಂಟಿ, ಕಲ್ಲು" ಅಂದ. ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಅತ್ತೆ.

ಆದರೂ ಬಿಡಲಿಲ್ಲ. ಬಿಡುತ್ತೇನೆ ಅಂದರೆ ಯಾರಾದರೊಬ್ಬರು, ನೇಗಿಲಿಗೆ ಕೈ ಹಾಕಿ ಹಿಂದೆ ನೋಡಬಾರದು ಅನ್ನುವ, ಲೂಕನ ಸುವಾರ್ತೆಯಲ್ಲಿರುವ ಯೇಸುವಿನ ಮಾತನ್ನು ಎತ್ತಿ ತಲೆಗೆ ಕುಟ್ಟುತ್ತಾರೆ ಅಂತ ಗೊತ್ತಿತ್ತು. ಕುಟ್ಟಿದರು ಕೂಡ. ಇನ್ನೊಬ್ಬರು, "ನಿಮ್ಮ ಸೀಸನ್ ಬರುತ್ತೆ, ಸುಮ್ನೆ ಮುಂದುವರಿಸಿ" ಅಂದರು. ಈ 'ಸೀಸನ್' ಅನ್ನೋ ಮಾತು ಈಗ ಚರ್ಚಿನ ಪ್ರಸಂಗಗಳಲ್ಲಿ ಜಾಸ್ತಿಯೇ ಕೇಳಿಸುತ್ತದೆ, ಮತ್ತು ಯಾವಾಗ ಕೇಳಿದರೂ ಅದು ಸುಗ್ಗಿಯ ಸೀಸನ್ನೇ! ಆದರೆ ಬೈಬಲಿನ ಪ್ರಸಂಗಿ ಪುಸ್ತಕದ 3ನೇ ಅಧ್ಯಾಯ ತೆಗೆದು ನೋಡಿ. ಅಲ್ಲಿರುವುದು 14 ಜೋಡಿ, ಅಂದರೆ 28 ಸಮಯಗಳು. ನೆಡುವ ಸಮಯದ ಪಕ್ಕದಲ್ಲೇ ಕೀಳುವ ಸಮಯ ಇದೆ, ಇಟ್ಟುಕೊಳ್ಳುವ ಸಮಯದ ಪಕ್ಕದಲ್ಲೇ ಬಿಸಾಡುವ ಸಮಯ ಇದೆ. ಅರ್ಧ ಮಾತ್ರ ಓದಿ ಪುಟ ಮಗುಚುವುದು ನಮ್ಮ ಅಭ್ಯಾಸ, ಅಲ್ವಾ?

ನನಗೆ ಬಿಡುಗಡೆ ಸಿಕ್ಕಿದ್ದು ಬೈಬಲಿನಲ್ಲಿ ಯಾರೂ ಇಷ್ಟಪಟ್ಟು ಓದದ ಅರಣ್ಯಕಾಂಡ ಅನ್ನುವ ಪುಸ್ತಕದಲ್ಲಿ. 8ನೇ ಅಧ್ಯಾಯದ ಕೊನೆಯಲ್ಲಿ ಲೇವಿಯರಿಗೆ, ಅಂದರೆ ಇಸ್ರಾಯೇಲ್ಯರಲ್ಲಿ ದೇವರ ಸೇವೆಗೆ ನೇಮಕವಾದ ಕುಲದವರಿಗೆ, ಒಂದು ನಿಯಮ ಇದೆ. 25 ವರ್ಷಕ್ಕೆ ದೇವದರ್ಶನದ ಗುಡಾರದ (ಹೊತ್ತೊಯ್ಯುವ ಆರಾಧನೆಯ ಡೇರೆ) ಕೆಲಸಕ್ಕೆ ಸೇರಬೇಕು, 50 ಆದ ಮೇಲೆ ಆ ಕೆಲಸ ಬಿಡಬೇಕು. ಹಾಗಂತ ಮನೆಗೆ ಕಳಿಸಿಬಿಡುವುದಿಲ್ಲ. ತಮ್ಮವರ ಜೊತೆ ನಿಂತು ಕಾವಲಿನಲ್ಲಿ ನೆರವಾಗಬಹುದು, ಆದರೆ ಕೆಲಸಕ್ಕೆ ಮಾತ್ರ ಕೈ ಹಾಕಬಾರದು. ಗುಡಾರ ಬಿಚ್ಚಿ, ಹೊತ್ತು, ಮತ್ತೆ ಕಟ್ಟುವುದು ಲೇವಿಯರದೇ ಹೊಣೆ, ಅದೇನು ಹಗುರದ ಕೆಲಸವಲ್ಲ. ಬಿಡುವುದನ್ನು ದೇವರೇ ನಿಯಮ ಮಾಡಿಟ್ಟಿದ್ದಾರೆ ಅಂತ ಓದಿದಾಗ, 21 ವರ್ಷ ಬೈಬಲ್ ಕಲಿಸಿದವಳಿಗೆ ಇದು ಕಣ್ಣಿಗೇ ಬಿದ್ದಿರಲಿಲ್ಲವಲ್ಲ ಅಂತ ನಾಚಿಕೆಯೂ ಆಯಿತು.

ವಯಸ್ಸು ಒಂದೇ ಲೆಕ್ಕವಲ್ಲ, ಅದೂ ನಿಜ. ತಮ್ಮ ಜನರನ್ನು ಬಿಡಿಸಲು ಈಜಿಪ್ಟಿನ ಅರಸ ಫರೋಹನ ಮುಂದೆ ನಿಂತಾಗ ಮೋಶೆಗೆ 80, ಅವನ ಅಣ್ಣ ಆರೋನನಿಗೆ 83. ಮೋಶೆ ಹಿಂದೆ ನಾಡು ನೋಡಿಬರಲು ಕಳಿಸಿದ್ದ ಕಾಲೇಬನಂತೂ 85ರಲ್ಲಿ ಆ ಬೆಟ್ಟದ ಸೀಮೆ ನನಗೆ ಕೊಡು ಅಂತ ಕೇಳಿದವನು. ಹಾಗಾಗಿ 50 ಆದವರೆಲ್ಲ ಎದ್ದು ಹೊರಡಿ ಅಂತ ನಾನು ಹೇಳುತ್ತಿಲ್ಲ. ಈಗ ಯಾವ ಕಾಲ ನಡೆಯುತ್ತಿದೆ ಅಂತ ಕೂತು ನೋಡಿ ಅನ್ನುತ್ತಿದ್ದೇನೆ, ಅಷ್ಟೇ.

ನೋಡುವುದಕ್ಕೂ ಒಂದು ಹೊತ್ತು ಬೇಕು. ಕ್ಯಾಥೊಲಿಕ್ ಗೆಳತಿಯೊಬ್ಬಳು ಜೆಸ್ವಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ ಅವರ ಒಂದು ಮಾತು ಹೇಳಿದಳು. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿದು, ತಿಂಗಳುಗಟ್ಟಲೆ ಮಲಗಿದ್ದಾಗಲೇ ಬದುಕು ತಿರುಗಿದ ಮನುಷ್ಯ ಅವರು. ಮನಸ್ಸು ಒಣಗಿ ಕುಸಿದಿರುವಾಗ ಮೊದಲಿನ ತೀರ್ಮಾನ ಬದಲಿಸಬೇಡಿ ಅನ್ನುವುದು ಅವರ ನಿಯಮ. ಬೈಬಲಿನ ಪ್ರವಾದಿ ಎಲೀಯನ ಕಥೆಯೂ ಹಾಗೇ ಇದೆ. ಸಾಕು, ನನ್ನ ಪ್ರಾಣ ತೆಗೆದುಕೋ ಅಂತ ಗಿಡದ ಕೆಳಗೆ ಬಿದ್ದವನಿಗೆ ದೇವದೂತ ಪ್ರಸಂಗ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಎಬ್ಬಿಸಿ ಇನ್ನೊಮ್ಮೆ ಕೊಟ್ಟ. "ಇಲ್ಲೇನು ಮಾಡುತ್ತಿದ್ದೀ?" ಅನ್ನುವ ದೇವರ ಪ್ರಶ್ನೆ ಬಂದದ್ದು 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ಅವನ ಜಾಗಕ್ಕೆ ಎಲೀಷನ ಹೆಸರು ಬಂದದ್ದೂ ಅಲ್ಲೇ. ನಾನೂ ತಮ್ಮನನ್ನು ಕರೆದು ವಾರಕ್ಕೆ ಮೂರು ರಾತ್ರಿ ಅಮ್ಮನ ಹತ್ತಿರ ಮಲಗಲು ಒಪ್ಪಿಸಿದೆ. ನಿದ್ದೆ ಒಂದು ಹದಕ್ಕೆ ಬಂದ ಮೇಲೆ ಯೋಚಿಸಿದೆ. ಆಗಲೂ ಬಿಡಬೇಕು ಅಂತಲೇ ಅನಿಸಿತು, ಆದರೆ ಈ ಸಲ ಅಳು ಬರಲಿಲ್ಲ.

ಹಾಜರಿ ಪುಸ್ತಕ, ಬೀರುವಿನ ಕೀಲಿ ಎರಡನ್ನೂ 26 ವರ್ಷದ ಹುಡುಗಿಯೊಬ್ಬಳಿಗೆ ಕೊಟ್ಟೆ. ಅವಳು ಮೊದಲ ವಾರವೇ ನನ್ನ ಚಾರ್ಟುಗಳನ್ನೆಲ್ಲ ಗೋಡೆಯಿಂದ ತೆಗೆದಳು! ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾದೀತು. ಈಗ ತಿಂಗಳಿಗೊಮ್ಮೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಮಕ್ಕಳ ಕಲರ್ ಪೆನ್ಸಿಲ್ ಚೂಪು ಮಾಡಿಕೊಡುತ್ತೇನೆ. ಕಥೆಯಲ್ಲಿ ಅವಳು ಏನಾದರೂ ಬಿಟ್ಟರೂ ಬಾಯಿ ಹಾಕುವುದಿಲ್ಲ. ಲೇವಿಯರ ಕಾವಲು ಅಂದರೆ ಇದೇ ಇರಬೇಕು.

ಸಭೆಯ ಹಿರಿಯರಲ್ಲಿ, ಪಾಸ್ಟರುಗಳಲ್ಲಿ ಒಂದೇ ಕೋರಿಕೆ. ವರ್ಷಕ್ಕೊಂದು ಸಲ ನಿಮ್ಮ ಸಹಾಯಕರನ್ನು ಕೂರಿಸಿಕೊಂಡು "ಈ ವರ್ಷವೂ ಆಗುತ್ತಾ?" ಅಂತ ಕೇಳಿ. ಆಗಲ್ಲ ಅಂದರೆ ದಯವಿಟ್ಟು ನೇಗಿಲು ಎತ್ತಬೇಡಿ.

ಅಮ್ಮನ ಮಗ್ಗುಲು ಬದಲಿಸುವ ಹೊತ್ತಾಯಿತು, ಇಲ್ಲಿಗೆ ನಿಲ್ಲಿಸುತ್ತೇನೆ.

ಇಂತಿ,
ನಿಮ್ಮ ಓದುಗಾರ್ತಿ