ನೇತ್ರಾಣಿಯ ನೀರಿಗೆ ಇಳಿಸಿದವರಿಗೆ

ಬೆನ್ನಿಗೆ ಗಾಳಿಯ ಟ್ಯಾಂಕ್ ಕಟ್ಟಿಕೊಂಡು ಸಮುದ್ರದಡಿ ಈಜುವುದನ್ನು ಕಲಿಸುವ ಓಪನ್ ವಾಟರ್ ಡೈವಿಂಗ್ ಕೋರ್ಸ್ ಮುಗಿಯಿತು. ಕೊನೆಯ ಡೈವ್‌ಗಳು ಮುರುಡೇಶ್ವರದಿಂದ ಬೋಟಿನಲ್ಲಿ ಹೋಗುವ ನೇತ್ರಾಣಿ ದ್ವೀಪದ ಪಕ್ಕದಲ್ಲಿ ಆದವು. ಫೋಟೊ ನೋಡಿದವರೆಲ್ಲ ನನ್ನ ಧೈರ್ಯ ಹೊಗಳಿದ್ದೀರಿ. ಖುಷಿಯಾಯಿತು. ಆದರೆ ಧೈರ್ಯಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ನಾಲ್ಕು ಜಿಪ್ಪು, ಒಂದಷ್ಟು ಸೀಸ ಮತ್ತು ಕೆಲವರ ತಾಳ್ಮೆ. ಆ ಕೆಲವರಿಗೆ ಈ ಬರಹ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಅಪಘಾತವೊಂದರಲ್ಲಿ ನನ್ನ ಬೆನ್ನುಹುರಿಗೆ ಟಿ-10 ಮಟ್ಟದಲ್ಲಿ, ಅಂದರೆ ಎದೆಭಾಗದ ಹತ್ತನೇ ಬೆನ್ನುಮೂಳೆಯ ಮಟ್ಟದಲ್ಲಿ, ಪೆಟ್ಟಾಗಿದೆ. ಹೊಕ್ಕುಳದಿಂದ ಕೆಳಗೆ ಅಲುಗಾಟವೂ ಇಲ್ಲ, ಮುಟ್ಟಿದರೆ ಗೊತ್ತಾಗುವುದೂ ಇಲ್ಲ.

ಮೊದಲ ಥ್ಯಾಂಕ್ಸ್ ನನ್ನ ಇನ್‌ಸ್ಟ್ರಕ್ಟರ್‌ಗೆ. ಅವರಿಗಿಂತ ಮುಂಚೆ ಇನ್ನೊಂದು ಕಡೆ ವಿಚಾರಿಸಿದಾಗ, ವೀಲ್‌ಚೇರ್ ಅಂದ ತಕ್ಷಣ ಫೋನ್ ಇಟ್ಟಿದ್ದರು. ಇವರು ಕೇಳಿದ ಮೊದಲ ಪ್ರಶ್ನೆಯೇ ಬೇರೆ: "ನಿಮ್ಮ ಕಾಲು ನೀರಲ್ಲಿ ತೇಲುತ್ತಾ, ಮುಳುಗುತ್ತಾ?"

ತೇಲುತ್ತೆ. ಸ್ನಾಯು ಕರಗಿದ ಕಾಲು ಮೊದಲೇ ಹಗುರ, ಅದರ ಮೇಲೆ ರಬ್ಬರಿನ ವೆಟ್‌ಸೂಟ್. ಈಜುಕೊಳದಲ್ಲಿ ತಲೆ ಕೆಳಗೆ, ಕಾಲು ಮೇಲೆ. ಮುಳುಗಲು ತೂಕಕ್ಕೆಂದು ಕಟ್ಟುವ ಸೀಸವನ್ನು ಅವರು ಸೊಂಟದ ಬೆಲ್ಟಿನಿಂದ ಸ್ವಲ್ಪ ತೆಗೆದು ಕಣಕಾಲಿಗೆ ಕಟ್ಟಿದರು. ಜಾಸ್ತಿಯಾದರೆ ಕಾಲು ಜೋತುಬೀಳುತ್ತಿತ್ತು. ತೆಗೆದರು, ಸರಿಸಿದರು, ಮತ್ತೆ ಕಟ್ಟಿದರು. ಸಮುದ್ರದಲ್ಲಿ ಹತ್ತು ಮೀಟರ್ ಇಳಿದರೆ ಒತ್ತಡ ಎರಡು ಪಟ್ಟಾಗುತ್ತದೆ, ಸೂಟ್ ಅಮುಕಿ ಅದರ ತೇಲುವ ಗುಣ ಕಡಿಮೆಯಾಗುತ್ತದೆ. ಹಾಗಾಗಿ ಕೊಳದಲ್ಲಿ ಸರಿಹೋದ ತೂಕವನ್ನು ನೇತ್ರಾಣಿಯಲ್ಲಿ ಇನ್ನೊಮ್ಮೆ ಹೊಂದಿಸಬೇಕಾಯಿತು. ಒಂದು ಸಲವೂ ಮುಖ ಸಿಂಡರಿಸಲಿಲ್ಲ, ಪುಣ್ಯಾತ್ಮ.

ಈಜೆಲ್ಲ ಕೈಯಲ್ಲೇ. ಬೆರಳುಗಳ ನಡುವೆ ಬಾತುಕೋಳಿಯ ಪಾದದ ಹಾಗೆ ಜಾಲವಿರುವ ಗ್ಲೋವ್ಸ್ ಹಾಕಿಕೊಳ್ಳುತ್ತೇನೆ. ಉಳಿದವರು ಕಾಲು ಬಡಿಯುತ್ತಾ, ಕೈಯಲ್ಲಿ ಮೂಗು ಹಿಡಿದು ಕಿವಿ ಒತ್ತಡ ಸರಿಮಾಡಿಕೊಳ್ಳುತ್ತಾರೆ, ತೇಲುವುದನ್ನು ಹೊಂದಿಸುವ ಜಾಕೆಟ್‌ಗೆ ಗಾಳಿ ತುಂಬುತ್ತಾರೆ, ಸನ್ನೆ ಮಾಡುತ್ತಾರೆ. ನನಗೆ ಅದೆಲ್ಲಕ್ಕೂ ಈಜು ನಿಲ್ಲಿಸಬೇಕು. ಆದ್ದರಿಂದ ಇಳಿಯುವ ವೇಗ ನಿಧಾನ. ಜೊತೆಗಿದ್ದ ಇಬ್ಬರೂ ಆ ನಿಧಾನಕ್ಕೆ ಒಗ್ಗಿಕೊಂಡರು. ಇಬ್ಬರು ಯಾಕೆ ಅಂದರೆ, 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜಿಮ್ ಗಟೇಕರ್ ಶುರುಮಾಡಿದ ಹ್ಯಾಂಡಿಕ್ಯಾಪ್ಡ್ ಸ್ಕೂಬಾ ಅಸೋಸಿಯೇಷನ್ ಎಂಬ ಅಂಗವಿಕಲರ ಡೈವಿಂಗ್ ಸಂಸ್ಥೆ ಡೈವರ್‌ಗಳನ್ನು ಮೂರು ಹಂತ ಮಾಡುತ್ತದೆ. ತನ್ನ ಜೊತೆ ಇನ್ನೊಬ್ಬರನ್ನೂ ನೋಡಿಕೊಳ್ಳಬಲ್ಲವರಿಗೆ ಒಬ್ಬ ಜೊತೆಗಾರ ಸಾಕು, ಸ್ವಲ್ಪ ಸಹಾಯ ಬೇಕಾದವರಿಗೆ ಇಬ್ಬರು, ಪೂರ್ತಿ ಸಹಾಯ ಬೇಕಾದವರಿಗೂ ಇಬ್ಬರು, ಆದರೆ ಅವರಲ್ಲೊಬ್ಬರು ರೆಸ್ಕ್ಯೂ ಕಲಿತಿರಬೇಕು. ನಮ್ಮವರು ಅದನ್ನೇ ಅನುಸರಿಸಿ ನನ್ನನ್ನು ನಡುವಿನ ಹಂತದಲ್ಲಿಟ್ಟರು. ನನಗದು ಸರಿ ಅನಿಸಿತು. ಏನಾಗುತ್ತದೆ, ಏನಾಗುವುದಿಲ್ಲ ಅಂತ ನೋಡಿ ಹಂತ ಕೊಡುತ್ತಾರೆ, ಕಾಯಿಲೆಯ ಹೆಸರು ನೋಡಿ ಅಲ್ಲ.

ಜಿಪ್ಪಿನ ಕಥೆಗೆ ಬರುತ್ತೇನೆ. ಬಿಗಿಯಾದ ವೆಟ್‌ಸೂಟನ್ನು ಸ್ವಾಧೀನವಿಲ್ಲದ ಕಾಲಿಗೆ ಏರಿಸುವುದು ಒಂದು ಯುದ್ಧ. ಪಾದಕ್ಕೆ ಪ್ಲಾಸ್ಟಿಕ್ ಕವರ್ ಹಾಕಿದರೆ ಜಾರುತ್ತದೆ, ಆದರೂ ಅಕ್ಕ ಬೆವರಿಳಿಸಬೇಕಿತ್ತು. ನಮ್ಮ ಬೀದಿಯ ಬ್ಯಾಗ್ ರಿಪೇರಿ ಅಣ್ಣ ಸೂಟನ್ನು ತಿರುಗಿಸಿ ಮುರುಗಿಸಿ ನೋಡಿ, "ಬಿಡಿ, ಸೀಳಿಬಿಡೋಣ" ಅಂದರು. ಎರಡು ಕಾಲಿಗೆ ಉದ್ದಕ್ಕೂ, ಎರಡು ತೋಳಿಗೆ ಗಿಡ್ಡಕ್ಕೆ ಜಿಪ್ ಹೊಲಿದರು. ಚರ್ಮಕ್ಕೆ ಉಜ್ಜದಂತೆ ಒಳಗೊಂದು ಪಟ್ಟಿಯನ್ನೂ ಕೊಟ್ಟರು. ಅದನ್ನು ನಾನು ಹೇಳಿರಲೇ ಇಲ್ಲ.

ಅಕ್ಕನಿಗೆ ಏನು ಹೇಳಲಿ? ಪ್ರತಿ ಡೈವ್ ಆದಮೇಲೆ ನನ್ನ ಪಾದ, ಮೊಣಕಾಲು, ಕುಂಡೆ ಎಲ್ಲ ಪರೀಕ್ಷೆ ಮಾಡಿದ್ದು ಅವಳು. ಹವಳ ತರಚಿದರೂ ಬೋಟಿನ ಹಲಗೆ ಒತ್ತಿದರೂ ನನಗೆ ಗೊತ್ತಾಗಲ್ಲ. ಗೊತ್ತಾಗದ ಗಾಯ ವಾಸಿಯಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಕೆಳಗಿನ ದೇಹ ಚಳಿಗೆ ನಡುಗುವುದೂ ಇಲ್ಲ, ಅದಕ್ಕೇ ಬೆಚ್ಚಗಿನ ನೀರಿನಲ್ಲೂ ದಪ್ಪ ಸೂಟ್. ಮೇಲೆ ಬಂದ ಕೂಡಲೇ ಟವೆಲ್, ಬಿಸಿ ಕಾಫಿ, ಜೊತೆಗೆ ಬೈಗುಳ.

ಡೈವಿಂಗ್‌ನ ಮೆಡಿಕಲ್ ಫಾರ್ಮಿಗೆ ಸುಮ್ನೆ ಸಹಿ ಹಾಕದೆ, ಮೂತ್ರಕೋಶದಿಂದ ಹಿಡಿದು ಶ್ವಾಸಕೋಶದವರೆಗೆ ಎಲ್ಲ ನೋಡಿದ ಡಾಕ್ಟರಿಗೂ ನಮಸ್ಕಾರ.

ಬೋಟಿನವರು ನನ್ನನ್ನು ಎತ್ತುವ ಮುಂಚೆ "ಎಲ್ಲಿ ಹಿಡೀಬೇಕು ಹೇಳಿ" ಅಂತ ಕೇಳಿದರು. ಆಸ್ಪತ್ರೆಗಳಲ್ಲೂ ಎಲ್ಲರೂ ಅದನ್ನು ಕೇಳುವುದಿಲ್ಲ. ಅಂಚಿನಲ್ಲಿ ಕೂರಿಸಿ, ಹಿಂದಕ್ಕೆ ಉರುಳುವವರೆಗೆ ಭುಜ ಹಿಡಿದುಕೊಂಡರು. ವಾಪಸ್ ಬರುವಾಗ ತೂಕ, ಟ್ಯಾಂಕ್ ನೀರಲ್ಲೇ ಬಿಚ್ಚಿಸಿಕೊಂಡು ನನ್ನನ್ನು ಮೇಲೆಳೆದರು. ಹಲಗೆಯ ಮೇಲೆ ನನ್ನ ವೀಲ್‌ಚೇರಿನ ದಿಂಬು ಆಗಲೇ ಹಾಸಿತ್ತು.

ಮಳೆಗಾಲದಲ್ಲಿ ನೇತ್ರಾಣಿಗೆ ಬೋಟ್ ಹೋಗುವುದಿಲ್ಲ. ಮಳೆಗಾಲ ಮುಗಿಯುವವರೆಗೆ ಗ್ಲೋವ್ಸ್, ಕಣಕಾಲಿನ ತೂಕ, ಜಿಪ್ ಸೂಟ್ ಮನೆಯಲ್ಲೇ ಇರುತ್ತವೆ. ನನ್ನಂಥವರು ಯಾರಾದರೂ ಕೊಳದಲ್ಲಿ ಪ್ರಯತ್ನಿಸುವುದಾದರೆ ತೆಗೆದುಕೊಂಡು ಹೋಗಿ. ಸೂಟ್ ಅಳತೆಗೆ ಆಗದಿದ್ದರೆ ಬ್ಯಾಗ್ ಅಣ್ಣನ ಅಂಗಡಿ ತೋರಿಸುತ್ತೇನೆ, ಅವರಿಗೆ ಈಗ ಕೈ ಕುದುರಿದೆ.