ಅಚ್ಚಾಗದ ಸುದ್ದಿ

ಆತ್ಮೀಯ ಸದಸ್ಯರೇ,

ನಮ್ಮ ಕನ್ನಡ ಕೂಟದ ಪತ್ರಿಕೆಯ ದೀಪಾವಳಿ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸೆಪ್ಟೆಂಬರಿನಲ್ಲಿ ಎಲ್ಲರಿಗೂ ಇಮೇಲ್ ಹಾಕಿದ್ದೆ. ಮೂರನೆಯ ದಿನ ಕೂಟದ ಹಿರಿಯರೊಬ್ಬರು ಫೋನ್ ಮಾಡಿದರು. "ಕೋಡುಬಳೆ ಮಾಡೋದು ಹೇಗೆ ಅಂತ ಬರ್ಕೊಡ್ತೀನಪ್ಪ, ಒಂದು ಪುಟ ಜಾಗ ಇಟ್ಟಿರು" ಎಂದರು. ಇಷ್ಟಕ್ಕೆ ಅರ್ಧ ನಿಮಿಷ ಸಾಕು. ನಾವು ಮಾತಾಡಿದ್ದು ಐವತ್ತೆರಡು ನಿಮಿಷ. ಹಿಟ್ಟಿಗೆ ಕಾದ ಎಣ್ಣೆ ಎಷ್ಟು ಸುರಿಯಬೇಕು ಎಂಬಲ್ಲಿ ಶುರುವಾದ ಮಾತು, ಯಜಮಾನರು ಹೋದ ಮೇಲೆ ಒಬ್ಬರಿಗೋಸ್ಕರ ಎಣ್ಣೆ ಕಾಯಿಸಲು ಬೇಜಾರು ಎಂಬಲ್ಲಿಗೆ ಬಂತು. ಪಕ್ಕದ ಮನೆಯವರು ಇಪ್ಪತ್ತು ವರ್ಷದಿಂದ ದಿನಾ ಕೈ ಬೀಸುತ್ತಾರೆ, ಒಂದು ದಿನವೂ ಹೊಸಿಲು ದಾಟಿಲ್ಲ ಎಂಬಲ್ಲಿಗೆ ಹೋಯಿತು. ಅಲ್ಲಿಂದ ಮುಂದೆ ಎಲ್ಲಿಗೆ ಹೋಯಿತೋ ಅದನ್ನು ಇಲ್ಲಿ ಬರೆಯುವಂತಿಲ್ಲ. ಫೋನ್ ಇಡುವಾಗ ಅವರೇ ನಕ್ಕು, "ಇದನ್ನೆಲ್ಲ ಹಾಕ್ಬಿಟ್ಟೀಯ ಮತ್ತೆ" ಎಂದರು.

ಸಂಪಾದಕನ ಕುರ್ಚಿಯಲ್ಲಿ ಕೂತ ಈ ನಾಲ್ಕು ವರ್ಷದಲ್ಲಿ ಇಂಥ ಫೋನುಗಳು ನನಗೆ ರೂಢಿಯಾಗಿವೆ. ಜನ ಹೇಳಿಕೊಳ್ಳುವುದು ಒಂದು, ಕಳಿಸುವುದು ಇನ್ನೊಂದು. ನಾನು ಅಚ್ಚು ಹಾಕುವುದು ಕಳಿಸಿದ್ದನ್ನು.

ಇದೇ ಕೆಲಸ ಮಾಡಿದ ಹುಡುಗನೊಬ್ಬ ನೂರು ವರ್ಷದ ಹಿಂದೆ ಅಮೆರಿಕದ ಈ ನಮ್ಮ ಓಹಾಯೋ ರಾಜ್ಯದಲ್ಲೇ ಇದ್ದ. ನಿಜವಾಗಿ ಇದ್ದವನಲ್ಲ, ಪುಸ್ತಕದಲ್ಲಿ. ಶೆರ್ವುಡ್ ಆಂಡರ್ಸನ್ 1919ರಲ್ಲಿ ಹೊರತಂದ 'ವೈನ್ಸ್‌ಬರ್ಗ್, ಓಹಾಯೋ' ಎಂಬ ಕಥಾಗುಚ್ಛದ ಜಾರ್ಜ್ ವಿಲರ್ಡ್. ಊರಿನ 'ಈಗಲ್' ಪತ್ರಿಕೆಯ ವರದಿಗಾರ, ಹದಿನೆಂಟರ ಆಸುಪಾಸಿನವನು. ಆ ಪತ್ರಿಕೆಗೆ ಒಂದೇ ನೀತಿ: ಪ್ರತಿ ಸಂಚಿಕೆಯಲ್ಲೂ ಊರಿನ ಎಷ್ಟು ಜನರ ಹೆಸರು ಬರಲು ಸಾಧ್ಯವೋ ಅಷ್ಟೂ ಬರಬೇಕು. ಯಾವ ಅಂಗಡಿಗೆ ಹೊಸ ಹುಲ್ಲಿನ ಟೋಪಿಗಳು ಬಂದವು, ಶುಕ್ರವಾರ ಕ್ಲೀವ್‌ಲ್ಯಾಂಡಿಗೆ ಯಾರು ಹೋಗಿದ್ದರು, ಯಾರು ಹೊಸ ಕೊಟ್ಟಿಗೆ ಕಟ್ಟಿಸುತ್ತಿದ್ದಾರೆ ಎಂದೆಲ್ಲ ಹುಡುಗ ದಿನವಿಡೀ ಗೀಚಿಕೊಳ್ಳುತ್ತಾ ಓಡಾಡುತ್ತಾನೆ. ಇದನ್ನು ಓದಿದಾಗ ನನ್ನ ಕಿವಿ ಬಿಸಿಯಾಯಿತು. ನಮ್ಮ ಆರನೆಯ ಪುಟ ಇದೇ ಅಲ್ಲವೇ? ಯಾರ ಮಗಳ ರಂಗಪ್ರವೇಶ, ಯಾರ ಮಗನ ಮೆಡಿಕಲ್ ಸೀಟು, ಊರಿಂದ ಯಾರ ಅತ್ತೆ ಮಾವ ಬಂದರು, ಯುಗಾದಿಯ ಹೋಳಿಗೆಗೆ ಯಾರು ಚೆಕ್ ಕೊಟ್ಟರು.

ಆದರೆ ಸಂಜೆಯಾದ ಮೇಲೆ ಇದೇ ಹುಡುಗನನ್ನು ಹುಡುಕಿಕೊಂಡು ಊರಿನವರು ಒಬ್ಬೊಬ್ಬರೇ ಬರುತ್ತಾರೆ. ಬಂದು, ಪತ್ರಿಕೆಯಲ್ಲಿ ಎಂದೂ ಬರಲಾರದ್ದನ್ನು ಹೇಳಿಕೊಳ್ಳುತ್ತಾರೆ. ಹೇಳಲು ಬಾಯಿ ತೆರೆದು ಹೇಳಲಾಗದೆ ಹಾಗೇ ಹಿಂದಿರುಗುವವರೂ ಇದ್ದಾರೆ. ಇಡೀ ಪುಸ್ತಕ ಇಷ್ಟೇ. ಅಮೆರಿಕದ ಸಣ್ಣ ಊರಿನ ಒಂಟಿತನದ ಬಗ್ಗೆ ಆಮೇಲೆ ಎಷ್ಟೋ ಜನ ಬರೆದರು. ದಾರಿ ಹಾಕಿಕೊಟ್ಟದ್ದು ಈ ತೆಳ್ಳನೆಯ ಪುಸ್ತಕ.

'ಕೈಗಳು' ಎಂಬ ಕಥೆಯನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ವಿಂಗ್ ಬಿಡಲ್‌ಬಾಮ್ ಎಂಬಾತ ಊರಂಚಿನ ಪಾಳು ಮನೆಯಲ್ಲಿ ಇಪ್ಪತ್ತು ವರ್ಷದಿಂದ ಒಬ್ಬನೇ ಇದ್ದಾನೆ. ವಯಸ್ಸು ನಲವತ್ತು, ನೋಡಿದರೆ ಅರವತ್ತೈದು. ಅವನ ಕೈಗಳು ಊರಿಗೇ ಪ್ರಸಿದ್ಧ, ಏಕೆಂದರೆ ಒಂದೇ ದಿನದಲ್ಲಿ 140 ಕ್ವಾರ್ಟ್ (ಒಂದು ಕ್ವಾರ್ಟ್ ಎಂದರೆ ಹೆಚ್ಚುಕಡಿಮೆ ಒಂದು ಲೀಟರ್) ಸ್ಟ್ರಾಬೆರಿ ಬಿಡಿಸಿದ ಕೈಗಳವು. ಕ್ಲೀವ್‌ಲ್ಯಾಂಡಿನ ಪಂದ್ಯದಲ್ಲಿ ಗೆದ್ದ ಕುದುರೆಯ ಬಗ್ಗೆ, ಬ್ಯಾಂಕಿನವನ ಹೊಸ ಕಲ್ಲುಮನೆಯ ಬಗ್ಗೆ ಇರುವಂಥದೇ ಹೆಮ್ಮೆ ಊರಿಗೆ ಆ ಕೈಗಳ ಬಗ್ಗೆಯೂ ಉಂಟು. ಅವನಿಗೆ ಮಾತ್ರ ಅವುಗಳನ್ನು ಕಂಡರೆ ಭಯ. ಜೇಬಿನಲ್ಲಿ, ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಾನೆ. ಹಿಂದೆ ಪೆನ್ಸಿಲ್ವೇನಿಯಾದಲ್ಲಿ ಬೇರೆ ಹೆಸರಿನಲ್ಲಿ ಮೇಷ್ಟರಾಗಿದ್ದ, ಒಳ್ಳೆಯ ಮೇಷ್ಟರು. ಮಾತಾಡುವಾಗ ಹುಡುಗರ ಹೆಗಲು ಮುಟ್ಟುವ, ತಲೆ ನೇವರಿಸುವ ಅಭ್ಯಾಸ. ಬುದ್ಧಿ ಬೆಳೆಯದ ಹುಡುಗನೊಬ್ಬ ಏನೇನೋ ಕಲ್ಪಿಸಿಕೊಂಡು ಅದನ್ನೇ ನಡೆದದ್ದೆಂದು ಹೇಳಿದ. ರಾತ್ರಿ ಊರಿನ ಗಂಡಸರು ಹಗ್ಗ ಹಿಡಿದು ಬಂದರು. ತಪ್ಪಿಸಿಕೊಂಡು ಓಡಿಬಂದವನು ರೈಲ್ವೆ ಸರಕಿನ ಪೆಟ್ಟಿಗೆಯೊಂದರ ಮೇಲೆ ಕಂಡ ಹೆಸರನ್ನು ತನ್ನದಾಗಿಸಿಕೊಂಡ. ತಾನು ಮಾಡಿದ ತಪ್ಪೇನು ಎಂಬುದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಕೈಗಳದ್ದೇ ಏನೋ ತಪ್ಪಿರಬೇಕು ಎಂದಷ್ಟೇ ಗೊತ್ತು.

ಕಥೆಯ ಕೊನೆಯಲ್ಲಿ ಅವನು ರಾತ್ರಿ ಊಟ ಮುಗಿಸಿ, ದೀಪದ ಬೆಳಕಿನಲ್ಲಿ ಮಂಡಿಯೂರಿ ಕೂತು, ನೆಲಕ್ಕೆ ಬಿದ್ದ ಬ್ರೆಡ್ಡಿನ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಬಾಯಿಗಿಡುತ್ತಾನೆ. ದೂರದಿಂದ ನೋಡಿದರೆ ಯಾರೋ ಜಪಮಣಿ ಎಣಿಸುತ್ತಿರುವಂತೆ. ಅಷ್ಟೇ. ಆಂಡರ್ಸನ್ ಅವನಿಗೆ ಬಿಡುಗಡೆಯನ್ನೂ ಕೊಡುವುದಿಲ್ಲ, ಸಾವನ್ನೂ ಕೊಡುವುದಿಲ್ಲ.

ಆಂಡರ್ಸನ್ ಬೆಳೆದದ್ದು ಕ್ಲೈಡ್ ಎಂಬ ಊರಿನಲ್ಲಿ. ಕ್ಲೀವ್‌ಲ್ಯಾಂಡಿನಿಂದ ಟೊಲೀಡೊ ಕಡೆಗೆ 20ನೇ ಹೆದ್ದಾರಿಯಲ್ಲಿ ಹೋದರೆ ಸಿಗುತ್ತದೆ. ವರ್ಲ್‌ಪೂಲ್ ವಾಷಿಂಗ್ ಮೆಷಿನ್ ಕಾರ್ಖಾನೆ ಇರುವ ಊರು ಎಂದರೆ ನಮ್ಮಲ್ಲಿ ಕೆಲವರಿಗೆ ಬೇಗ ಗುರುತು ಸಿಗಬಹುದು. (ಓಹಾಯೋದಲ್ಲಿ ವೈನ್ಸ್‌ಬರ್ಗ್ ಎಂಬ ನಿಜವಾದ ಊರೂ ಒಂದಿದೆ, ಹೋಮ್ಸ್ ಕೌಂಟಿಯಲ್ಲಿ. ಕಥೆಗೂ ಅದಕ್ಕೂ ಸಂಬಂಧವಿಲ್ಲ. ನಾನು ಒಮ್ಮೆ ಅಲ್ಲಿಗೇ ಕಾರು ಓಡಿಸಿಕೊಂಡು ಹೋಗಿ, ಸಂಸಾರದ ಮುಂದೆ ಮುಖ ಸಣ್ಣಗೆ ಮಾಡಿಕೊಂಡು ವಾಪಸ್ಸು ಬಂದವನು.) ಮುಂದೆ ಎಲಿರಿಯಾದಲ್ಲಿ ಬಣ್ಣದ ವ್ಯಾಪಾರ ಮಾಡಿಕೊಂಡಿದ್ದ ಆಂಡರ್ಸನ್, 1912ರ ನವೆಂಬರಿನಲ್ಲಿ ಒಂದು ದಿನ ಇದ್ದಕ್ಕಿದ್ದ ಹಾಗೆ ಆಫೀಸಿನಿಂದ ಎದ್ದು ಹೊರಟುಹೋದ. ನಾಲ್ಕು ದಿನದ ಮೇಲೆ ಕ್ಲೀವ್‌ಲ್ಯಾಂಡಿನಲ್ಲಿ, ತಾನು ಯಾರೆಂದು ಸರಿಯಾಗಿ ತಿಳಿಯದ ಸ್ಥಿತಿಯಲ್ಲಿ ಸಿಕ್ಕಿದ. ಹೆಂಡತಿ, ಮೂರು ಮಕ್ಕಳು, ವ್ಯಾಪಾರ, ಮರ್ಯಾದೆ ಎಲ್ಲವೂ ಇದ್ದ ಮನುಷ್ಯ. ಆಮೇಲೆ ಷಿಕಾಗೋದ ಬಾಡಿಗೆ ಕೋಣೆಯಲ್ಲಿ ಕೂತು ಬಿಟ್ಟುಬಂದ ಊರನ್ನು ಬರೆದ. ಮುಂಬಯಿಯಲ್ಲಿ ಕೂತು ಹನೇಹಳ್ಳಿಯನ್ನು ಬರೆದ ಯಶವಂತ ಚಿತ್ತಾಲರನ್ನು ಓದಿದವರಿಗೆ ಈ ಸಂಕಟ ಹೊಸದೆನಿಸಲಾರದು.

ಒಂದು ವ್ಯತ್ಯಾಸ ಮಾತ್ರ ನನ್ನನ್ನು ಬಹಳ ದಿನ ಕಾಡಿತು. ನಮ್ಮ ಕಥೆಗಳಲ್ಲಿ ಮನುಷ್ಯ ಒಂಟಿಯಾಗುವುದು ಸಾಮಾನ್ಯವಾಗಿ ಪೇಟೆಗೆ ಹೋದ ಮೇಲೆ. ಅನಾಥಪ್ರಜ್ಞೆ, ಪರಕೀಯತೆ ಎಂಬ ಮಾತುಗಳನ್ನು ನವ್ಯದ ಕಾಲದಲ್ಲಿ ನಾವು ಕಲಿತದ್ದು ಯುರೋಪಿನ ಲೇಖಕರಾದ ಕಾಮು, ಕಾಫ್ಕಾರ ಕಡೆಯಿಂದ. ಇಲ್ಲಿನವರು ಅದನ್ನು ಜೋಳದ ಹೊಲದ ಪಕ್ಕದ ಊರಿನಲ್ಲಿ ಕಂಡರು. ಏಕೆ?

ನೆಲ ಹಂಚಿದ ರೀತಿಯೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ. 1785ರ ಕಾಯ್ದೆಯ ಪ್ರಕಾರ ಈ ಮಧ್ಯಪಶ್ಚಿಮದ ನೆಲದ ಬಹುಪಾಲನ್ನು ಸರಪಳಿ ಹಿಡಿದು ಚದರ ಮೈಲಿಯ ಚೌಕಗಳಾಗಿ ಅಳೆದರು, ಒಂದು ಚೌಕಕ್ಕೆ 640 ಎಕರೆ. 1862ರ ಹೋಮ್‌ಸ್ಟೆಡ್ ಕಾಯ್ದೆ ಅದರ ಕಾಲು ಭಾಗ, 160 ಎಕರೆ, ಕೇಳಿದವರಿಗೆ ಕೊಟ್ಟಿತು. ಷರತ್ತು ಏನೆಂದರೆ ಐದು ವರ್ಷ ಆ ನೆಲದ ಮೇಲೇ ಮನೆ ಕಟ್ಟಿಕೊಂಡು ಇರಬೇಕು. ನಮ್ಮ ಬಯಲುಸೀಮೆಯ ರೈತ ಕೇರಿಯಲ್ಲಿ ಗೋಡೆಗೆ ಗೋಡೆ ಹಂಚಿಕೊಂಡು ಮಲಗಿ, ಬೆಳಗ್ಗೆ ಎದ್ದು ಹೊಲಕ್ಕೆ ಹೋಗುತ್ತಾನೆ. ಇಲ್ಲಿಯ ರೈತ ಹೊಲದ ನಡುವೆ ಮಲಗಿ, ಶನಿವಾರ ಊರಿಗೆ ಹೋಗುತ್ತಾನೆ. ಪಕ್ಕದ ಮನೆಯ ದೀಪ ಕಾಣುವುದು ಅರ್ಧ ಮೈಲಿಯಾಚೆ. (ತೀರ್ಥಹಳ್ಳಿ, ಶೃಂಗೇರಿ ಕಡೆಯ ಸದಸ್ಯರು ಈಗಲೇ ಫೋನ್ ಎತ್ತಿಕೊಂಡಿರುತ್ತಾರೆ: "ನಮ್ದೂ ಗುಡ್ಡಕ್ಕೊಂದು ಮನೆಯೇ ಮಾರಾಯ್ರೆ." ಒಪ್ಪಿದೆ. ಮಲೆನಾಡಿನ ಒಂಟಿಮನೆಗಳ ಕಥೆ ಬೇರೆಯೇ ಬರೆಯಬೇಕು, ಬರೆದುಕೊಡಿ.) ಹೀಗೆ ಚದುರಿದವರು ಸೇರಲೆಂದು ಹುಟ್ಟಿದ ಊರುಗಳಿಂದ, ಅದೇ ಹೊತ್ತಿಗೆ, ರೈಲು ಹರೆಯದವರನ್ನು ಹೊತ್ತುಕೊಂಡು ಹೋಗತೊಡಗಿತ್ತು. 1920ರ ಜನಗಣತಿಯಲ್ಲಿ ಮೊದಲ ಬಾರಿಗೆ ಈ ದೇಶದ ಅರ್ಧಕ್ಕಿಂತ ಹೆಚ್ಚು ಜನ ನಗರವಾಸಿಗಳೆಂದು ಲೆಕ್ಕಕ್ಕೆ ಬಂದರು. ಜಾರ್ಜ್ ವಿಲರ್ಡ್ ಕೂಡ ಕೊನೆಯ ಕಥೆಯಲ್ಲಿ ಬೆಳಗಿನ ರೈಲು ಹತ್ತುತ್ತಾನೆ. ಹೇಳಿಕೊಳ್ಳಲು ಇದ್ದ ಒಂದು ಕಿವಿಯೂ ಹೋಯಿತು.

ಅದೇ 1920ರಲ್ಲಿ ಬಂದ ಸಿಂಕ್ಲೇರ್ ಲೂಯಿಸ್‌ನ 'ಮೇನ್ ಸ್ಟ್ರೀಟ್' ಇದಕ್ಕಿಂತ ಎಷ್ಟೋ ಹೆಚ್ಚು ಗದ್ದಲ ಮಾಡಿತು. ಮಿನೆಸೋಟದ ತನ್ನ ಹುಟ್ಟೂರು ಸಾಕ್ ಸೆಂಟರನ್ನು ಗೋಫರ್ ಪ್ರೈರಿ ಎಂದು ಹೆಸರು ಬದಲಿಸಿ, ಊರಿನ ನಾಲಿಗೆಯನ್ನು, ಸಣ್ಣತನವನ್ನು ಎಳೆಎಳೆಯಾಗಿ ಬಿಡಿಸಿಟ್ಟ. ಹತ್ತು ವರ್ಷದ ಮೇಲೆ ನೊಬೆಲ್ ಪಡೆದ ಮೊದಲ ಅಮೆರಿಕನ್ ಸಾಹಿತಿಯಾದ. ಊರಿನವರು ಮೊದಲು ಸಿಟ್ಟಾದರು, ಆಮೇಲೆ ಅದೇ ಬೀದಿಗೆ 'ಒರಿಜಿನಲ್ ಮೇನ್ ಸ್ಟ್ರೀಟ್' ಎಂದು ಹೆಸರಿಟ್ಟುಕೊಂಡರು. ಓದುವಾಗ ನಗು ಬರುತ್ತದೆ, ನಿಜ. ಆದರೆ ಲೂಯಿಸ್ ಕಿಟಕಿಯ ಹೊರಗೆ ನಿಂತು ನಗುತ್ತಾನೆ. ನಾನು ಅವನನ್ನು ಎರಡನೆಯ ಸಲ ಓದಲಿಲ್ಲ.

ಮತ್ತೆ ಮತ್ತೆ ಹೋಗುವುದು ಕಾರ್ಸನ್ ಮೆಕಲರ್ಸ್ ಹತ್ತಿರ. 1940ರಲ್ಲಿ 'ದ ಹಾರ್ಟ್ ಈಸ್ ಎ ಲೋನ್ಲಿ ಹಂಟರ್' ಬಂದಾಗ ಆಕೆಗೆ ಇಪ್ಪತ್ತಮೂರು ವರ್ಷ. ದಕ್ಷಿಣದ ಒಂದು ಗಿರಣಿ ಊರು. ಅಲ್ಲಿ ಜಾನ್ ಸಿಂಗರ್ ಎಂಬ ಕಿವಿ ಕೇಳದ, ಮಾತಾಡದ ಮನುಷ್ಯ ಒಡವೆ ಅಂಗಡಿಯಲ್ಲಿ ಬೆಳ್ಳಿಯ ಮೇಲೆ ಕೆತ್ತನೆ ಮಾಡುತ್ತಾನೆ. ಸಂಗೀತದ ಹುಚ್ಚಿನ ಹುಡುಗಿ, ಕುಡುಕ ಕ್ರಾಂತಿಕಾರಿ, ತನ್ನವರಿಗಾಗಿ ಕುದಿಯುವ ಕಪ್ಪು ವೈದ್ಯ, ಹೋಟೆಲಿನ ಮಾಲೀಕ, ಈ ನಾಲ್ವರೂ ಬೇರೆ ಬೇರೆಯಾಗಿ ಅವನ ಕೋಣೆಗೆ ಬಂದು ಎದೆ ತೋಡಿಕೊಳ್ಳುತ್ತಾರೆ. ತನ್ನನ್ನು ಅರಿತವನು ಇವನೊಬ್ಬನೇ ಎಂದು ಪ್ರತಿಯೊಬ್ಬರಿಗೂ ನಂಬಿಕೆ. ಒಂದು ದಿನ ಅಕಸ್ಮಾತ್ತಾಗಿ ನಾಲ್ವರೂ ಒಂದೇ ಹೊತ್ತಿಗೆ ಬಂದುಬಿಡುತ್ತಾರೆ. ಕೋಣೆಯಲ್ಲಿ ಎದೆಯ ಮಾತು ಒಂದೂ ಹುಟ್ಟುವುದಿಲ್ಲ. ಮಳೆ ಚಳಿಯ ಮಾತಾಡಿ ಎದ್ದು ಹೋಗುತ್ತಾರೆ.

ಇನ್ನು ಸಿಂಗರ್? ಇವರೆಲ್ಲ ಏನು ಹೇಳುತ್ತಿದ್ದಾರೆಂಬುದೇ ಅವನಿಗೆ ಸರಿಯಾಗಿ ತಿಳಿಯದು. ಅವನ ಜೀವ ಇರುವುದು ದೂರದ ಆಸ್ಪತ್ರೆಯಲ್ಲಿರುವ ತನ್ನ ಗೆಳೆಯನ ಹತ್ತಿರ. ಓದಲು ಬಾರದ ಆ ಗೆಳೆಯನಿಗೆ ಉದ್ದುದ್ದ ಕಾಗದ ಬರೆಯುತ್ತಾನೆ.

ಆ ನಾಲ್ವರ ಕೋಣೆಯ ದೃಶ್ಯ ಓದುವಾಗಲೆಲ್ಲ ನನಗೆ ನಮ್ಮ ರಾಜ್ಯೋತ್ಸವದ ಊಟದ ಸಾಲು ನೆನಪಾಗುತ್ತದೆ. ಫೋನಿನಲ್ಲಿ ಐವತ್ತೆರಡು ನಿಮಿಷ ಮಾತಾಡಿದವರು ಅಲ್ಲಿ ಸಿಕ್ಕಾಗ, "ಬಿಸಿಬೇಳೆಬಾತ್ ಚೆನ್ನಾಗಿದೆ ಅಲ್ವಾ" ಎನ್ನುತ್ತಾರೆ. ನಾನೂ "ಹೂಂ, ತುಪ್ಪ ಧಾರಾಳ ಹಾಕಿದಾರೆ" ಎನ್ನುತ್ತೇನೆ.

ಹಾಗೆ ನೋಡಿದರೆ ನಮ್ಮ ಕೂಟವೇ ಒಂದು ಸಣ್ಣ ಊರು. ಯಾರು ಯಾವ ವರ್ಷ ಬಂದವರು, ಯಾರ ಮನೆ ಎಷ್ಟಕ್ಕೆ ಮಾರಿತು, ಯಾರ ಮಗ ಯಾರನ್ನು ಮದುವೆಯಾದ, ಎಲ್ಲ ಎಲ್ಲರಿಗೂ ಗೊತ್ತು. ಗೊತ್ತಿರುವುದೇ ತೊಡಕು. ಒಬ್ಬೊಬ್ಬರಿಗೂ ಒಂದೊಂದು ಚೀಟಿ ಅಂಟಿಸಿ ಆಗಿದೆ, ಇವರು ಹಾಡುವವರು, ಇವರು ಹಣ ಕೊಡುವವರು, ಇವರು ಜಗಳಗಂಟರು ಎಂದು. ವಿಚ್ಛೇದನವಾದ ಮೇಲೆ ನಮ್ಮ ಕಾರ್ಯಕ್ರಮಗಳಿಗೆ ಬರುವುದನ್ನೇ ಬಿಟ್ಟವರು ನನಗೆ ತಿಳಿದಂತೆ ಮೂವರಿದ್ದಾರೆ. ಅವರನ್ನು ಯಾರೂ ಬರಬೇಡಿ ಎಂದಿಲ್ಲ. ವೈನ್ಸ್‌ಬರ್ಗಿನಲ್ಲೂ ಬಿಡಲ್‌ಬಾಮ್‌ನನ್ನು ಯಾರೂ ಬರಬೇಡ ಎಂದಿರಲಿಲ್ಲ.

ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ (ಸಾರ್ವಜನಿಕ ಆರೋಗ್ಯದ ವಿಷಯದಲ್ಲಿ ಸರ್ಕಾರದ ಮುಖ್ಯ ವಕ್ತಾರರು) ಆದಾಗ ಕನ್ನಡಿಗರೆಲ್ಲ ಬೀಗಿದೆವು. 2023ರ ಮೇ ತಿಂಗಳಿನಲ್ಲಿ ಅವರು, ಒಂಟಿತನ ಈ ದೇಶದ ಸಾರ್ವಜನಿಕ ಆರೋಗ್ಯದ ಸಮಸ್ಯೆ, ಜನರ ಜೊತೆ ಒಡನಾಟವಿಲ್ಲದ ಬದುಕು ದಿನಕ್ಕೆ ಹದಿನೈದು ಸಿಗರೇಟು ಸೇದಿದಷ್ಟು ಆಯುಸ್ಸನ್ನು ತಿನ್ನಬಲ್ಲದು ಎಂದು ದೊಡ್ಡ ವರದಿಯನ್ನೇ ಹೊರಡಿಸಿದರು. ಬೀಗಿದ ನಮ್ಮಲ್ಲಿ ಅದನ್ನು ಓದಿದವರು ಎಷ್ಟು ಮಂದಿ? ಸಂಪಾದಕನಾದ ನಾನೇ ಓದಿದ್ದು ಒಂದು ವರ್ಷ ತಡವಾಗಿ.

ಬೇಸರದ ಪುಸ್ತಕಗಳನ್ನೇ ಹೇಳುತ್ತಿದ್ದೀರಿ ಎನ್ನುವವರಿಗೆ ಒಂದನ್ನು ಉಳಿಸಿಕೊಂಡಿದ್ದೇನೆ. ಕೆಂಟ್ ಹರೂಫ್ ಕೊಲೊರಾಡೋದ ಬಯಲಿನಲ್ಲಿ ಹೋಲ್ಟ್ ಎಂಬ ಊರನ್ನು ಕಲ್ಪಿಸಿಕೊಂಡು ಬರೆದವರು. 2014ರಲ್ಲಿ ತೀರಿಕೊಂಡರು, ಕೊನೆಯ ದಿನಗಳಲ್ಲಿ ಬರೆದು ಮುಗಿಸಿದ 'ಅವರ್ ಸೋಲ್ಸ್ ಅಟ್ ನೈಟ್' ಮರುವರ್ಷ ಬಂತು. ಎಪ್ಪತ್ತರ ವಿಧವೆ ಆಡಿ ಮೂರ್ ಒಂದು ಸಂಜೆ ನೆರೆಯ ವಿಧುರ ಲೂಯಿಸ್‌ನ ಮನೆಗೆ ಹೋಗಿ, ರಾತ್ರಿ ನಮ್ಮ ಮನೆಗೆ ಬಂದು ಮಲಗುತ್ತೀಯಾ, ಬೇರೆ ಏನಕ್ಕೂ ಅಲ್ಲ, ಕತ್ತಲಲ್ಲಿ ಮಾತಾಡಲು ಎಂದು ಕೇಳುತ್ತಾಳೆ. ಅವನು ಪೈಜಾಮವನ್ನೂ ಹಲ್ಲುಜ್ಜುವ ಬ್ರಷ್ಷನ್ನೂ ಕಾಗದದ ಚೀಲದಲ್ಲಿ ಹಾಕಿಕೊಂಡು ಹಿತ್ತಿಲ ಬಾಗಿಲಿಗೆ ಬರುತ್ತಾನೆ. ಮುಂಬಾಗಿಲಿಗೇ ಬಾ ಎನ್ನುತ್ತಾಳೆ ಆಕೆ. ಊರು ಆಡಿಕೊಳ್ಳುತ್ತದೆ. ಆಕೆಯ ಮಗನೇ ಅಡ್ಡ ಬರುತ್ತಾನೆ, ಇಬ್ಬರನ್ನೂ ಬೇರೆ ಮಾಡುತ್ತಾನೆ. ಕೊನೆಯ ಪುಟದಲ್ಲಿ ಅವರು ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಹಾಸಿಗೆಯಲ್ಲಿ, ಕತ್ತಲಲ್ಲಿ ಫೋನ್ ಹಿಡಿದು ಮಾತಾಡುತ್ತಿರುತ್ತಾರೆ. ಅಲ್ಲಿ ಚಳಿ ಇದೆಯಾ ಎಂದು ಕೇಳುತ್ತಿರುತ್ತಾರೆ. ಖುಷಿಯ ಪುಸ್ತಕ ಎಂದು ಮಾತು ಕೊಟ್ಟಿರಲಿಲ್ಲ, ನೆನಪಿರಲಿ.

ಕೋಡುಬಳೆಯ ಲೇಖನ ಇನ್ನೂ ಬಂದಿಲ್ಲ. ಅವರಿಂದ ಫೋನು ಮಾತ್ರ ಆಮೇಲೆ ಐದು ಸಲ ಬಂತು. ಪ್ರತಿ ಸಲವೂ "ಬರೀತಿದೀನಪ್ಪ, ಮುಗೀತಾ ಬಂತು" ಎಂದರು. ನಾನೂ ಅವಸರ ಮಾಡಲಿಲ್ಲ. ಅವರಿಗಾಗಿ ಬಿಟ್ಟ ಹದಿನಾಲ್ಕನೆಯ ಪುಟದಲ್ಲಿ ಈ ಸಲ ಬೇಸಿಗೆಯ ಪಿಕ್ನಿಕ್ಕಿನ ಫೋಟೊಗಳಿವೆ. ಸಂಕ್ರಾಂತಿ ಸಂಚಿಕೆಯಲ್ಲೂ ಒಂದು ಪುಟ ಹಾಗೇ ಬಿಟ್ಟಿರುತ್ತೇನೆ. ಲೇಖನ ಕಳಿಸಲು ಕೊನೆಯ ದಿನಾಂಕ ಡಿಸೆಂಬರ್ 20. ನನ್ನ ನಂಬರು ಹಿಂಬದಿಯ ಪುಟದಲ್ಲಿದೆ. ರಾತ್ರಿ ಒಂಬತ್ತರ ಮೇಲೆ ಮಾಡಿದರೆ ಪಾತ್ರೆ ತೊಳೆದು ಮುಗಿದಿರುತ್ತದೆ.

ನಿಮ್ಮ
ಸಂಪಾದಕ