ಒಂದು ಸಲದ ಸಮೀಕ್ಷೆಯಲ್ಲಿ ಬದಲಾವಣೆ ಕಾಣಿಸದು

ಮಾನ್ಯರೇ,

ಯುವಜನರ ಮನೋಭಾವ ಬದಲಾಗಿದೆ ಎಂಬ ವರದಿಗಳು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತವೆ. ಇವುಗಳಲ್ಲಿ ಹಲವಕ್ಕೆ ಆಧಾರ ಒಂದೇ ಬಾರಿ ನಡೆಸಿದ ಸಮೀಕ್ಷೆ. ಇಪ್ಪತ್ತರ ಹರೆಯದವರು ಒಂದು ಉತ್ತರ ಕೊಟ್ಟರು, ಅರವತ್ತು ದಾಟಿದವರು ಬೇರೆ ಉತ್ತರ ಕೊಟ್ಟರು, ಆದ್ದರಿಂದ ಸಮಾಜ ಬದಲಾಗುತ್ತಿದೆ ಎಂದು ಹೇಳಿಬಿಡಲಾಗುತ್ತದೆ. ಸಂಶೋಧನಾ ವಿಧಾನವನ್ನು ಬಹುಕಾಲ ಪಾಠ ಮಾಡಿದವಳಾದ ನನಗೆ ಇದನ್ನು ಓದಿ ಸುಮ್ಮನಿರಲಾಗುತ್ತಿಲ್ಲ.

ಹಿರಿಯರ ಮತ್ತು ಕಿರಿಯರ ಉತ್ತರಗಳ ಅಂತರ ಕೇವಲ ವಯಸ್ಸಿನದ್ದಾಗಿರಬಹುದು. ಇಂದಿನ ತರುಣರು ಅರವತ್ತಕ್ಕೆ ಬಂದಾಗ ಇಂದಿನ ಹಿರಿಯರಂತೆಯೇ ಉತ್ತರಿಸುವುದಾದರೆ ಸಮಾಜ ಇದ್ದಲ್ಲೇ ಇದೆ. ಅಥವಾ ಒಂದು ಕಾಲದಲ್ಲಿ ಹುಟ್ಟಿ ಬೆಳೆದವರು ಆ ಕಾಲದ ಅಚ್ಚನ್ನು ಕೊನೆಯವರೆಗೂ ಹೊತ್ತಿರಬಹುದು. ಹಾಗಿದ್ದರೆ ತಲೆಮಾರು ಸರಿದಂತೆಲ್ಲ ಸಮಾಜವೂ ಬದಲಾಗುತ್ತದೆ. ಇವೆರಡನ್ನು ಬಿಟ್ಟು ಮೂರನೆಯದೂ ಇದೆ: ಯುದ್ಧವೋ ಆರ್ಥಿಕ ಕುಸಿತವೋ ಎಲ್ಲ ವಯಸ್ಸಿನವರನ್ನೂ ಒಟ್ಟಿಗೆ ಅಲುಗಿಸಬಹುದು, ಅದು ಒಂದು ಸಲದ ಸಮೀಕ್ಷೆಯ ಕಣ್ಣಿಗೆ ಬೀಳುವುದೇ ಇಲ್ಲ. ಹುಟ್ಟಿದ ವರ್ಷಕ್ಕೆ ವಯಸ್ಸನ್ನು ಕೂಡಿಸಿದರೆ ಸಮೀಕ್ಷೆಯ ವರ್ಷವೇ ಬರುವುದರಿಂದ, ಮತ್ತೆ ಮತ್ತೆ ಸಮೀಕ್ಷೆ ನಡೆಸಿದರೂ ಬರಿಯ ಲೆಕ್ಕದಿಂದ ಈ ಮೂರನ್ನು ಪೂರ್ತಿಯಾಗಿ ಬಿಡಿಸಲಾಗದು.

ಅಮೆರಿಕದಲ್ಲಿ 1972ರಿಂದ ನಡೆಯುತ್ತಿರುವ ಜನರಲ್ ಸೋಷಿಯಲ್ ಸರ್ವೆ 1988ರಲ್ಲಿ ಸಲಿಂಗ ವಿವಾಹದ ಬಗ್ಗೆ ಕೇಳಿದಾಗ ಒಪ್ಪಿದವರು ಹತ್ತರಲ್ಲಿ ಹೆಚ್ಚುಕಡಿಮೆ ಒಬ್ಬರು. ಮೂರು ದಶಕಗಳಲ್ಲಿ ಆ ಪ್ರಮಾಣ ಅರ್ಧವನ್ನು ದಾಟಿತು. ಹಳೆಯ ತಲೆಮಾರು ಅಳಿದು ಹೊಸದು ಬಂದದ್ದಷ್ಟೇ ಇದಕ್ಕೆ ಕಾರಣವಲ್ಲ. ಮೊದಲು ಬೇಡವೆಂದ ತಲೆಮಾರುಗಳಲ್ಲೇ ಕಾಲ ಕಳೆದಂತೆ ಒಪ್ಪುವವರ ಸಂಖ್ಯೆ ಏರಿತ್ತು. ವರ್ಷಗಳ ಉದ್ದಕ್ಕೂ ಪ್ರಶ್ನೆ ಕೇಳುತ್ತ ಹೋಗದಿದ್ದರೆ ಇದು ತಿಳಿಯುತ್ತಿರಲಿಲ್ಲ.

ಬದಲಾವಣೆಯನ್ನು ಅಳೆಯಬೇಕಾದರೆ ಅಳತೆಗೋಲನ್ನು ಬದಲಿಸಬಾರದು ಎಂಬ ಮಾತು ಸಂಶೋಧಕರಲ್ಲಿ ರೂಢಿಯಲ್ಲಿದೆ. ಪಾಲಿಸುವುದು ಮಾತ್ರ ಕಷ್ಟ. ಅದೇ ದೇಶದಲ್ಲಿ ಕರಿಯರ ಮತ್ತು ಬಿಳಿಯರ ನಡುವಿನ ವಿವಾಹವನ್ನು ಒಪ್ಪುವವರು ಗ್ಯಾಲಪ್ ಎಂಬ ಅಭಿಪ್ರಾಯ ಸಮೀಕ್ಷಾ ಸಂಸ್ಥೆಯ ಪ್ರಕಾರ 1958ರಲ್ಲಿ ಶೇ 4, 2021ರಲ್ಲಿ ಶೇ 94. ಆದರೆ 1958ರ ಪ್ರಶ್ನೆಯಲ್ಲಿ ಕರಿಯರನ್ನು ಕುರಿತು ಬಳಸಿದ್ದ ಪದವನ್ನು ಇಂದು ಯಾರೂ ಪ್ರಶ್ನಾವಳಿಯಲ್ಲಿ ಹಾಕಲಾರರು. ಸಮಾಜ ಬದಲಾದದ್ದರಿಂದಲೇ ಪ್ರಶ್ನೆಯ ಮಾತೂ ಬದಲಾಗಬೇಕಾಯಿತು. ಇಷ್ಟು ದೊಡ್ಡ ಅಂತರವನ್ನು ಪದದ ವ್ಯತ್ಯಾಸವೊಂದೇ ವಿವರಿಸಲಾರದು, ನಿಜ; ಶೇಕಡಾ ನಾಲ್ಕೈದರಷ್ಟು ಏರಿಳಿತವಾದರೆ ಪದವೇ ಅದಕ್ಕೆ ಕಾರಣವಾಗಿರಬಹುದು.

ಈ ಕೆಲಸ ಬೇಡುವ ತಾಳ್ಮೆಯನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ. ಬ್ರಿಟನ್ನಿನಲ್ಲಿ 1946ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಹುಟ್ಟಿದ 5,362 ಮಕ್ಕಳನ್ನು ಆಯ್ದುಕೊಂಡ ಅಧ್ಯಯನವು ಅವರನ್ನು ಮುಪ್ಪಿನವರೆಗೂ ಹಿಂಬಾಲಿಸಿದೆ. ಸಮಾಜಶಾಸ್ತ್ರಜ್ಞರಾದ ರಾಬರ್ಟ್ ಮತ್ತು ಹೆಲೆನ್ ಲಿಂಡ್ ದಂಪತಿ ಅಮೆರಿಕದ ಇಂಡಿಯಾನಾ ರಾಜ್ಯದ ಮನ್ಸಿ ನಗರದ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ 1924ರಲ್ಲಿ ಕೇಳಿದ ಪ್ರಶ್ನೆಗಳನ್ನು ಬೇರೆ ಸಂಶೋಧಕರು 1977ರಲ್ಲಿ ಅಲ್ಲಿನ ವಿದ್ಯಾರ್ಥಿಗಳ ಮುಂದಿಟ್ಟರು. ಆ ಹೊತ್ತಿಗೆ ರಾಬರ್ಟ್ ಲಿಂಡ್ ತೀರಿಕೊಂಡು ಏಳು ವರ್ಷಗಳಾಗಿದ್ದವು. ಹಳೆಯ ಪ್ರಶ್ನಾವಳಿ ಜೋಪಾನವಾಗಿ ಉಳಿದಿದ್ದುದರಿಂದ ಹೋಲಿಕೆ ಸಾಧ್ಯವಾಯಿತು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಇಂಥ ಸುದ್ದಿಯನ್ನು ಪ್ರಕಟಿಸುವಾಗ ಎಷ್ಟು ಜನರನ್ನು, ಯಾವ ವರ್ಷ, ಯಾವ ಮಾತುಗಳಲ್ಲಿ ಕೇಳಲಾಯಿತು ಎಂಬುದನ್ನೂ, ಅದೇ ಪ್ರಶ್ನೆಯನ್ನು ಹಿಂದೆ ಕೇಳಿದ್ದರೇ ಎಂಬುದನ್ನೂ ಎರಡು ಸಾಲಿನಲ್ಲಾದರೂ ತಿಳಿಸಿ. ಕೇಳಿರದಿದ್ದರೆ ತಲೆಬರಹದಲ್ಲಿ ‘ಬದಲಾವಣೆ’ ಎಂಬ ಪದವನ್ನು ಬಿಟ್ಟು ‘ವಯೋಮಾನಗಳ ನಡುವಿನ ವ್ಯತ್ಯಾಸ’ ಎಂದು ಬರೆಯಿರಿ.

– ಸಮಾಜಶಾಸ್ತ್ರದ ನಿವೃತ್ತ ಅಧ್ಯಾಪಕಿ